ಕೊನೆಯ ಬಿಗಿ ಯಾರದು?

ಸದ್ದು ಮೊದಲು ಕೇಳಿಸಿದ್ದು ಅಮ್ಮನಿಗೆ. ಹಿಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು ಕೂತಿದ್ದವಳು, "ಏನೇ ಅದು, ಟಕ್ ಟಕ್ ಅಂತಿದೆ?" ಅಂದಳು. ಟೈರಿನ ಗೆರೆಯಲ್ಲಿ ಕಲ್ಲು ಸಿಕ್ಕಿಕೊಂಡಿರಬೇಕು ಅಂದುಕೊಂಡೆ ನಾನು. ವೇಗ ಹೆಚ್ಚಿಸಿದರೆ ಸದ್ದು ಗಾಳಿಯಲ್ಲಿ ಅಡಗುತ್ತಿತ್ತು, ಮುಂದೆ ಲಾರಿ ಬಂದು ನಿಧಾನಿಸಿದರೆ ಮತ್ತೆ ಶುರು. ಜೊತೆಗೆ ಸ್ಟೀರಿಂಗಿನಲ್ಲಿ ಸಣ್ಣ ನಡುಕ. ವ್ಹೀಲ್ ಬ್ಯಾಲೆನ್ಸಿಂಗ್ ತಪ್ಪಿದರೆ ಸಾಮಾನ್ಯವಾಗಿ 80ರ ಆಚೀಚೆ ಬಂದಾಗ ಕೈ ನಡುಗುತ್ತದೆ. ಇದು 30ರಲ್ಲೇ ಗೊತ್ತಾಗುತ್ತಿತ್ತು. ಅಷ್ಟು ಹೊತ್ತಿಗೆ ಮನೆ ಬಿಟ್ಟು ಸುಮಾರು 40 ಕಿಲೋಮೀಟರ್ ಬಂದಿದ್ದೆವು. ಹಿಂದಿನ ಸಂಜೆಯಷ್ಟೇ ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಿಕೊಂಡು ಗ್ಯಾರೇಜಿನಿಂದ ಕಾರು ತಂದಿದ್ದೆ.

ರಸ್ತೆ ಪಕ್ಕದಲ್ಲಿ ಅಗಲ ಜಾಗ ನೋಡಿ ನಿಲ್ಲಿಸಿ, ಅಮ್ಮನನ್ನು ಇಳಿಸಿ ತಡೆಬೇಲಿಯಾಚೆ ನಿಲ್ಲಲು ಹೇಳಿದೆ. ನನ್ನ ಕಾರಿಗೆ ಕಬ್ಬಿಣದ ರಿಮ್ಮು, ಅದರ ಮೇಲೆ ಪ್ಲಾಸ್ಟಿಕ್ ವ್ಹೀಲ್ ಕ್ಯಾಪು. ಹೊರಗಿನಿಂದ ನೋಡಿದರೆ ನಾಲ್ಕೂ ಗಾಲಿ ಒಂದೇ ಥರ. ಮುಂದಿನ ಎಡಗಾಲಿಯ ಕ್ಯಾಪನ್ನು ಬೆರಳು ಹಾಕಿ ಎಳೆದೆ. ಒಳಗಿನಿಂದ ಒಂದು ನಟ್ ಜಾರಿ ನನ್ನ ಚಪ್ಪಲಿಯ ಪಕ್ಕ ಬಿತ್ತು. ಟಕ್ ಟಕ್ ಅಂತಿದ್ದುದು ಅದೇ, ಕ್ಯಾಪಿನೊಳಗೆ ಉರುಳಾಡುತ್ತಿತ್ತು. ಉಳಿದದ್ದು ಮೂರು. ಅದರಲ್ಲಿ ಎರಡು ನನ್ನ ಬೆರಳಿಗೇ ತಿರುಗಿದವು. ಗಾಲಿಯನ್ನು ಹಿಡಿದಿದ್ದುದು ಒಂದೇ ಒಂದು ನಟ್.

ಹತ್ತಿರದಿಂದ ನೋಡಿದೆ. ರಿಮ್ಮಿನ ತೂತುಗಳ ಸುತ್ತ ಬಣ್ಣ ಕಿತ್ತು ಬೆಳ್ಳಗೆ ಹೊಳೆಯುತ್ತಿತ್ತು, ಒಂದು ತೂತು ದುಂಡಗಿರದೆ ಮೊಟ್ಟೆಯಾಕಾರ ಆಗಿತ್ತು. ಸುತ್ತಲೂ ಕಾಡಿಗೆಯಂಥ ಕಪ್ಪು ಪುಡಿ. ಲೋಹ ಲೋಹವನ್ನು ತಿಕ್ಕಿ ಉದುರಿಸಿದ ಪುಡಿ ಅದು. ಬೆರಳಿಗೆ ಹತ್ತಿದ್ದು ಎಷ್ಟು ಒರೆಸಿದರೂ ಹೋಗಲಿಲ್ಲ.

ಡಿಕ್ಕಿಯಲ್ಲಿ ಪಾನಾ ಇತ್ತು, ನಟ್‌ಗಳೂ ಕೈಯಲ್ಲಿದ್ದವು. ಬಿಗಿ ಮಾಡಿ ಮೆಲ್ಲಗೆ ಹೋಗಿಬಿಡೋಣ ಅನ್ನಿಸಿದ್ದು ನಿಜ. ಹಾಗೆ ಮಾಡಲಿಲ್ಲ, ಮಾಡದೆ ಇದ್ದದ್ದು ಒಳ್ಳೆಯದೇ ಆಯಿತು. ಗಾಲಿಯನ್ನು ಹೊತ್ತು ನಿಲ್ಲುವುದು ಆ ನಾಲ್ಕು ಸ್ಟಡ್‌ಗಳ, ಅಂದರೆ ನಟ್ ಕೂರುವ ಬೋಲ್ಟುಗಳ, ಗಟ್ಟಿತನ ಅಂತ ನಾವು ತಿಳಿದಿರುತ್ತೇವೆ. ಅದು ಹಾಗಲ್ಲ. ನಟ್ ಬಿಗಿಯಾದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನ ಹಾಗೆ ರಿಮ್ಮನ್ನು ಹಬ್ಬಿಗೆ (ಗಾಲಿ ಕೂರುವ ನಡುಬಿಲ್ಲೆಗೆ) ಒತ್ತಿ ಹಿಡಿಯುತ್ತದೆ. ಕಾರಿನ ಭಾರ ತಡೆಯುವುದು ಆ ಒತ್ತಡದಿಂದ ಎರಡು ಮೈಗಳ ನಡುವೆ ಹುಟ್ಟುವ ಘರ್ಷಣೆ. ಒತ್ತಡ ಸಡಿಲಾದರೆ ರಿಮ್ಮು ಪ್ರತಿ ಸುತ್ತಿಗೂ ಜರುಗುತ್ತದೆ, ಸ್ಟಡ್ ಒಂದು ಸಲ ಈಚೆ ಒಂದು ಸಲ ಆಚೆ ಬಾಗುತ್ತದೆ. ಸಣ್ಣ ಕಾರಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 500 ಸುತ್ತು ಸುತ್ತುತ್ತದೆ. 40 ಕಿಲೋಮೀಟರಿಗೆ 20,000 ಸುತ್ತು. ಎಲ್ಲವೂ ಸಡಿಲವಾಗಿಯೇ ಸುತ್ತಿರಲಿಕ್ಕಿಲ್ಲ, ಆದರೂ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವುದನ್ನು ನೆನೆಸಿಕೊಳ್ಳಿ. ಅಂಥ ಸ್ಟಡ್‌ಗೆ ಮತ್ತೆ ನಟ್ ಬಿಗಿದರೆ ಅದು ಎಲ್ಲಿ ತುಂಡಾಗುತ್ತದೋ ಹೇಳುವವರು ಯಾರೂ ಇಲ್ಲ. ಟೋಯಿಂಗ್ ಗಾಡಿ ಕರೆಸಿದೆ. ಹತ್ತಿರ ಸಿಕ್ಕ ಬೇರೊಂದು ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿದಾಗ ಎರಡು ಸ್ಟಡ್‌ಗಳ ಮರೆ (ನಟ್ ಕಚ್ಚುವ ತಿರುಪಿನ ಗೆರೆ) ಸವೆದು ಚಪ್ಪಟೆಯಾಗಿತ್ತು. ನಾಲ್ಕೂ ಸ್ಟಡ್, ನಾಲ್ಕೂ ನಟ್, ರಿಮ್ಮು ಹೊಸದು ಹಾಕಿಸಿದೆ.

ಮರುದಿನ ಮೊದಲಿನ ಗ್ಯಾರೇಜಿಗೆ ಹೋದೆ. ಜಗಳ ಮಾಡಬೇಕೆಂದೇ ಹೋಗಿದ್ದೆ. ಮೇಜಿನ ಮೇಲೆ ಹಳೆಯ ಸ್ಟಡ್‌ಗಳನ್ನಿಟ್ಟೆ. ಮಾಲೀಕರು ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು, ಮುಖ ಬಾಡಿತು. ಕೆಲಸ ಮಾಡಿದ ಹುಡುಗನನ್ನು ಕರೆದರು. ಜಾಕಿನ ಮೇಲಿದ್ದಾಗ ನಟ್‌ಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿದ್ದನಂತೆ. ಕೆಳಗಿಳಿಸಿ ಬಿಗಿ ಮಾಡಬೇಕು ಅನ್ನುವಷ್ಟರಲ್ಲಿ ಇನ್ನೊಂದು ಗಾಡಿ ತಳ್ಳಲು ಕರೆದರು, ಹೋದ. ಅವನು ಬರುವಷ್ಟರಲ್ಲಿ ಬೇರೊಬ್ಬ ಕಾರು ಇಳಿಸಿ, ಕ್ಯಾಪು ಹಾಕಿ ಹೊರಗೆ ನಿಲ್ಲಿಸಿದ್ದ. ಕ್ಯಾಪು ಹಾಕಿದ ಗಾಲಿ ಕೆಲಸ ಮುಗಿದ ಗಾಲಿಯ ಹಾಗೇ ಕಾಣುತ್ತದಲ್ಲ. ಇವರು ಯಾರೂ ಕೆಟ್ಟವರಲ್ಲ, ಮೋಸ ಮಾಡಲು ಹೊರಟವರೂ ಅಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ: "ನಿಮ್ಮಲ್ಲಿ ಕೊನೇ ಸಲ ನಟ್ ಬಿಗಿ ಮಾಡೋದು ಯಾರು, ಅದನ್ನ ನೋಡೋದು ಯಾರು?" ಮಾಲೀಕರು ಹುಡುಗನ ಮುಖ ನೋಡಿದರು. ಉತ್ತರ ಬರಲಿಲ್ಲ. ಹೊಸ ಸಾಮಾನಿನ ಖರ್ಚು ತಾವೇ ಕೊಟ್ಟರು, ನಾನು ಮತ್ತೆ ಅಲ್ಲಿಗೆ ಕಾರು ಬಿಡಲಿಲ್ಲ.

ಅಂದಿನಿಂದ ಯಾವ ಗ್ಯಾರೇಜಿಗೆ ಹೋದರೂ ಈ ಪ್ರಶ್ನೆ ಮೊದಲು. ಮುಖ ಸಿಂಡರಿಸುವವರಿದ್ದಾರೆ. "ಎಲ್ಲಾ ನೋಡೇ ಕೊಡ್ತೀವಿ ಮೇಡಂ" ಅನ್ನುವವರೇ ಹೆಚ್ಚು. "ನಾನೇ ನೋಡ್ತೀನಿ" ಅಂತ ಒಬ್ಬರ ಹೆಸರು ಹೊರಬಿದ್ದರೆ ಅಲ್ಲಿ ಕಾರು ಬಿಡುತ್ತೇನೆ.

ಸಡಿಲವಾದರೆ ಅಪಾಯ ಅಂತ ಗೊತ್ತಾದ ಮೇಲೆ, ಏರ್ ಗನ್ನಿನಲ್ಲಿ ಗರಗರ ಅನ್ನಿಸಿ ಬಿಗಿದರೆ ನೆಮ್ಮದಿ ಅನ್ನಿಸುತ್ತಿತ್ತು. ಆ ನೆಮ್ಮದಿಯೂ ತಪ್ಪು. ಮುಂದೊಂದು ದಿನ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಲು ಹೊರಟರೆ ನಟ್ ಅಲುಗಲೇ ಇಲ್ಲ. ಪಾನಾದ ಮೇಲೆ ಹತ್ತಿ ನಿಂತರೂ ಇಲ್ಲ. ಅತಿಯಾಗಿ ಬಿಗಿದರೆ ಸ್ಟಡ್ ತನ್ನ ಮಿತಿ ಮೀರಿ ಎಳೆದುಕೊಂಡು, ಸ್ಪ್ರಿಂಗಿನ ಗುಣ ಕಳೆದುಕೊಳ್ಳುತ್ತದೆ, ಬ್ರೇಕ್ ಡಿಸ್ಕ್ ಕೂಡ ಸೊಟ್ಟಗಾಗಬಹುದು. ಎಷ್ಟು ಬಿಗಿ ಬೇಕು ಅನ್ನುವುದು ಕಾರಿನ ಕೈಪಿಡಿಯಲ್ಲಿರುತ್ತದೆ. ನನ್ನ ಕಾರಿಗೆ 108 ನ್ಯೂಟನ್ ಮೀಟರ್. ಅಂದರೆ ಅರ್ಧ ಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 22 ಕಿಲೋ ತೂಕ ತೂಗುಹಾಕಿದಷ್ಟು ಬಲ. ಆ ವಾರವೇ ಒಂದು ಟಾರ್ಕ್ ರೆಂಚ್ ಕೊಂಡೆ. ಹೇಳಿದ ಅಳತೆಗೆ ಬಂದಾಗ ಅದು 'ಕಟ್' ಅಂತ ಸದ್ದು ಮಾಡಿ ಕೈಗೆ ತಿಳಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಟ್‌ಗಳನ್ನು ಸಾಲಾಗಿ ಬಿಗಿಯದೆ ಎದುರುಬದುರು ಬಿಗಿಯುತ್ತೇನೆ, ರಿಮ್ಮು ಸಮನಾಗಿ ಕೂರಲಿ ಅಂತ. ಮರೆಗೆ ಎಣ್ಣೆ ಗ್ರೀಸು ಹಚ್ಚುವುದಿಲ್ಲ, ಜಾರಿಕೆ ಹೆಚ್ಚಾಗಿ ರೆಂಚ್ 108 ಅಂದರೂ ಸ್ಟಡ್ ಮೇಲೆ ಅದಕ್ಕಿಂತ ಬಹಳ ಜಾಸ್ತಿ ಎಳೆತ ಬೀಳುತ್ತದೆ. ಬಿಚ್ಚಿದಾಗ ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆಯುತ್ತೇನೆ. ನಡುವೆ ತುಕ್ಕಿನ ಪದರ ಉಳಿದರೆ ಓಡುತ್ತ ಓಡುತ್ತ ಅದು ಪುಡಿಯಾಗಿ, ಸರಿಯಾಗಿ ಬಿಗಿದ ನಟ್ ಕೂಡ ಸಡಿಲ ಬೀಳುತ್ತದೆ. ಗಾಲಿ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು ಅನ್ನುವುದು ಇದಕ್ಕೇ.

ಎರಡನೆಯ ಅನುಭವ ಇನ್ನೊಂದು ರೀತಿಯದು. ಸುಮಾರು ಒಂದು ವರ್ಷದ ಮೇಲೆ 50ರ ವೇಗ ದಾಟುತ್ತಿದ್ದಂತೆ 'ಗುಂಯ್' ಅನ್ನುವ ಸದ್ದು ಶುರುವಾಯಿತು, ದೂರದಲ್ಲಿ ವಿಮಾನ ಹಾರಿದ ಹಾಗೆ. ಎರಡು ಗ್ಯಾರೇಜಿನಲ್ಲಿ ಟೈರು ಸವೆದಿದೆ, ನಾಲ್ಕೂ ಬದಲಾಯಿಸಿ ಅಂದರು. ಟೈರು ಏರುಪೇರಾಗಿ ಸವೆದರೆ ಹೆಚ್ಚುಕಡಿಮೆ ಇದೇ ಸದ್ದು ಬರುತ್ತದೆ, ಹಾಗಾಗಿ ಅವರು ಸುಳ್ಳು ಹೇಳಿದರು ಅನ್ನಲಾರೆ. ಆದರೆ ಇಬ್ಬರಲ್ಲಿ ಒಬ್ಬರೂ ಕಾರು ಓಡಿಸಿ ನೋಡಲಿಲ್ಲ, ಗಾಲಿ ಎತ್ತಿ ತಿರುಗಿಸಲಿಲ್ಲ.

ಮೂರನೆಯವರು ವಯಸ್ಸಾದ ಮೆಕ್ಯಾನಿಕ್. "ನೀವೇ ಓಡಿಸಿ, ನಾನು ಕೂತು ಕೇಳ್ತೀನಿ" ಅಂದರು. ಖಾಲಿ ರಸ್ತೆಯಲ್ಲಿ 60ರಲ್ಲಿ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ವಾಲಿಸಲು ಹೇಳಿದರು, ಸದ್ದು ಜೋರಾಯಿತು. ಎಡಕ್ಕೆ ವಾಲಿಸಿದರೆ ಕಡಿಮೆಯಾಯಿತು. "ಬಲಕ್ಕೆ ತಿರುಗಿದಾಗ ಭಾರ ಎಡಗಾಲಿ ಮೇಲೆ ಬೀಳುತ್ತೆ. ಗಾಲಿ ನಯವಾಗಿ ತಿರುಗೋಕೆ ಒಳಗಿರೋ ಬೇರಿಂಗ್, ಎಡಗಡೇದು ಹೋಗಿದೆ ಅನ್ನಿಸ್ತಿದೆ. ಬಿಚ್ಚಿ ನೋಡದೆ ಖಾತ್ರಿ ಹೇಳಲ್ಲ" ಅಂದರು. ಆ ಕೊನೆಯ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು.

ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಗಾಲಿ ಎತ್ತಿದರು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟವೇ ಇಲ್ಲ, ಅಂದರೆ ಸಡಿಲವೇ ಇಲ್ಲ. ಸರಿಯಾಗಿದೆಯಲ್ಲ ಅಂದೆ. ಅವರು ನನ್ನ ಕೈ ಒರೆಸಿಕೊಳ್ಳಲು ಹೇಳಿ, ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಬೆರಳಿಡಿಸಿ, ಗಾಲಿಯನ್ನು ಕೈಯಲ್ಲಿ ತಿರುಗಿಸಿದರು. ಸ್ಪ್ರಿಂಗಿನೊಳಗಿಂದ ಸಣ್ಣಗೆ ಜರಜರ ಅನ್ನುವ ಅದುರು ಬೆರಳಿಗೆ ಬಂತು. ಬಲಗಡೆ ಗಾಲಿಯಲ್ಲಿ ಹಾಗೇ ಮಾಡಿದರೆ ಏನೂ ಇಲ್ಲ, ನಯ. ಅದುರನ್ನು ಸ್ಪ್ರಿಂಗು ಬೆರಳ ತನಕ ತಂದುಕೊಡುತ್ತದೆ ಅನ್ನುವುದನ್ನು ನಾನು ಕಲಿತದ್ದು ಅವತ್ತು. ಬಿಚ್ಚಿದ ಬೇರಿಂಗನ್ನು ಕೈಗೆ ಕೊಟ್ಟರು. ತಿರುಗಿಸಿದರೆ ಒಳಗೆ ಮರಳು ತುಂಬಿದ ಹಾಗೆ. ಹೊಸದನ್ನು ಪಕ್ಕದಲ್ಲಿ ಕೊಟ್ಟರು, ಬೆಣ್ಣೆಯ ಹಾಗೆ ಜಾರಿತು. ಹಾಳಾದ ಬೇರಿಂಗಿನಲ್ಲೇ ಓಡಿಸುತ್ತಿದ್ದರೆ ಬಿಸಿಯಾಗಿ ಆಟ ಬೆಳೆದು ಗಾಲಿಯೇ ಓಲಾಡುತ್ತಿತ್ತು. ಟೈರುಗಳ ಗೆರೆಯ ಆಳ ಅಳೆದು, "ಇನ್ನೂ 4 ಮಿಲಿಮೀಟರ್ ಇದೆ, ಓಡಿಸಿ" ಅಂದರು. ಗೆರೆಯ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಂಡುಗಳಿರುತ್ತವೆ, 1.6 ಮಿಲಿಮೀಟರಿಗೆ ಬಂದಾಗ ಟೈರಿನ ಮೈ ಅವಕ್ಕೆ ಸಮವಾಗುತ್ತದೆ. ಅಷ್ಟು ತನಕ ಕಾಯದೆ, ಮಳೆಗಾಲಕ್ಕೆ ಮುಂಚೆ 3ಕ್ಕೇ ಬದಲಾಯಿಸುವುದು ನನ್ನ ರೂಢಿ.

ಈಗ ಅವರಲ್ಲೇ ಕಾರು ಬಿಡುತ್ತೇನೆ. ಹಾಗಂತ ನೋಡುವುದನ್ನು ಬಿಟ್ಟಿಲ್ಲ, ನೋಡಿದರೆ ಅವರೂ ಬೇಸರಪಡುವುದಿಲ್ಲ. ತಿಂಗಳಿಗೊಮ್ಮೆ ಸಮತಟ್ಟಾದ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿ, ಮೊಬೈಲಿನ ಟಾರ್ಚ್ ಹಾಕಿ ಗಾಲಿಯ ಒಳಮೈ ನೋಡುತ್ತೇನೆ. ಹೊರಮೈ ಎಲ್ಲರೂ ನೋಡುತ್ತಾರೆ, ಕೆಡುಕು ಬೆಳೆಯುವುದು ಒಳಗಡೆ. ಒಮ್ಮೆ ಗುಂಡಿಗೆ ಬಿದ್ದ ಎರಡು ವಾರದ ಮೇಲೆ ಟೈರಿನ ಒಳಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡಿತ್ತು. ಒಳಗಿನ ದಾರ ಹರಿದು ಬರೀ ರಬ್ಬರು ಗಾಳಿ ತಡೆದಿದೆ ಅಂತ ಅದರ ಅರ್ಥ, ಅದಕ್ಕೆ ರಿಪೇರಿ ಇಲ್ಲ. ಅವತ್ತೇ ಸ್ಟೆಪ್ನಿ ಹಾಕಿದೆ. ಹಾಕುವ ಮುಂಚೆ ಸ್ಟೆಪ್ನಿಯ ಮೇಲಿನ ನಾಲ್ಕಂಕಿ ಓದಿದೆ: ಮೊದಲೆರಡು ವಾರ, ಆಮೇಲಿನೆರಡು ವರ್ಷ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿ ಓಡದಿದ್ದರೂ ಅದರ ರಬ್ಬರಿಗೆ ವಯಸ್ಸಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ.

ರಿಮ್ಮಿನ ಒಳಗೆ ಗ್ರೀಸು ಎರಚಿದ್ದರೆ ಆಕ್ಸಲ್ಲಿನ ರಬ್ಬರ್ ಬೂಟು, ಅಂದರೆ ಅದರ ಕೀಲನ್ನು ಮುಚ್ಚಿ ಗ್ರೀಸು ಹಿಡಿದಿಡುವ ಚೀಲ, ಹರಿದಿರಬೇಕು. ಓಡಿಸಿ ನಿಲ್ಲಿಸಿದಾಗ ಒಂದು ಗಾಲಿಯ ಹತ್ತಿರ ಮಾತ್ರ ಸುಟ್ಟ ವಾಸನೆ, ಕಾವು ಜಾಸ್ತಿ ಇದ್ದರೆ ಬ್ರೇಕ್ ಕಚ್ಚಿಕೊಂಡಿರಬಹುದು. ಡಿಸ್ಕನ್ನು ಮುಟ್ಟಿ ನೋಡಬೇಡಿ, ಚರ್ಮ ಅಂಟುತ್ತದೆ. ಹತ್ತಿರ ಕೈ ಹಿಡಿದರೆ ಸಾಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈ ಕಾಲು ಯಾವುದನ್ನೂ ಹಾಕಬೇಡಿ.

ಕಳೆದ ವಾರ ಟೈರುಗಳನ್ನು ಹಿಂದೆ ಮುಂದೆ ಅದಲುಬದಲು ಮಾಡಿಸಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಅಲ್ಲಿನ ಹುಡುಗ ಟಾರ್ಕ್ ರೆಂಚ್ ಹಿಡಿದು ಬಂದ, ಹದಿನಾರು ಸಲ 'ಕಟ್' ಕೇಳಿಸಿತು. ಆಮೇಲೆ ಬಿಳಿ ಬಣ್ಣದ ಪೆನ್ನಿನಲ್ಲಿ ಪ್ರತಿ ನಟ್‌ನಿಂದ ರಿಮ್ಮಿನ ತನಕ ಒಂದೊಂದು ಗೆರೆ ಎಳೆದ. ನಟ್ ತಿರುಗಿದರೆ ಗೆರೆ ಮುರಿಯುತ್ತದೆ, ನೋಡಿದರೇ ತಿಳಿಯುತ್ತದೆ. ಮೆಕ್ಯಾನಿಕ್ ಬಂದು ಬಗ್ಗಿ ನಾಲ್ಕೂ ಗಾಲಿ ನೋಡಿ, ಚೀಟಿಯಲ್ಲಿ ಕಿಲೋಮೀಟರ್ ಬರೆದು ಸಹಿ ಹಾಕಿದರು. ವ್ಹೀಲ್ ಕ್ಯಾಪುಗಳನ್ನು ಹಾಕಬೇಡಿ, ಡಿಕ್ಕಿಯಲ್ಲಿಡಿ ಅಂದೆ.

ನಿನ್ನೆ 70 ಕಿಲೋಮೀಟರ್ ತುಂಬಿತು. ಗಾಲಿ ತಣ್ಣಗಾಗುವ ತನಕ ಕಾದು ರೆಂಚ್ ಹಾಕಿದೆ. ಹದಿನೈದು ನಟ್ ಅಲುಗದೆ 'ಕಟ್' ಅಂದವು. ಹಿಂದಿನ ಬಲಗಾಲಿಯ ಒಂದು ಮಾತ್ರ ಸ್ವಲ್ಪ ತಿರುಗಿ ಆಮೇಲೆ ನಿಂತಿತು. ಅದರ ಹಳೆಯ ಗೆರೆ ಒರೆಸಿ ಹೊಸದು ಎಳೆದಿದ್ದೇನೆ. ನಾಡಿದ್ದು ಅಮ್ಮನ ಜೊತೆ ಹೊರಡುವ ಮುಂಚೆ ಅದೊಂದನ್ನು ಮತ್ತೆ ನೋಡಬೇಕು.