ಒಣಗಿದ ಬಿರಡೆ ಇಡಿಯಾಗಿ ಬಂತು

ಮೈಸೂರಿನ ಒಂದು ಹೋಟೆಲಿನ ಬಾರಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಮ್ಮ ಸ್ಟೋರಿನಲ್ಲಿ ಹಳೇ ಫ್ರೆಂಚ್ ಕೆಂಪು ವೈನ್ ಮೂವತ್ತು ಮೂವತ್ತೈದು ಬಾಟಲಿ ಉಳಿದಿದ್ದವು. ಮಲಗಿಸಿಡಬೇಕಾದವನ್ನು ಯಾರೋ ವರ್ಷಗಟ್ಟಲೆ ನೆಟ್ಟಗೆ ನಿಲ್ಲಿಸಿಬಿಟ್ಟಿದ್ದರು. ಮೇಲೆ ನಮ್ಮ ಏಪ್ರಿಲ್ ಬಿಸಿಲು ಬೇರೆ. ವೈನ್ ತಾಗದೆ ಬಿರಡೆಗಳು ಒಣಗಿ ಹಳೇ ರಸ್ಕಿನಂತೆ ಆಗಿದ್ದವು.

ಮೊದಲು ತೆಗೆದ ಎಂಟರಲ್ಲಿ ಐದು ಮುರಿದವು. ವೇಟರ್ಸ್ ಫ್ರೆಂಡ್ ಅಂದರೆ ಸುರುಳಿ, ಲಿವರ್ ಇರುವ ಮಡಚುವ ಓಪನರ್. ಅದರ ಸುರುಳಿ ಇಳಿಯುವಾಗ ಏನೂ ಗೊತ್ತಾಗುವುದಿಲ್ಲ. ಲಿವರ್ ಎತ್ತಿದ ಕೂಡಲೇ ಬಿರಡೆ ನಡುವೆ ತುಂಡಾಗುತ್ತದೆ. ಇಲ್ಲವೇ ರವೆಯಂಥ ಪುಡಿ ಹೊತ್ತು ಸುರುಳಿ ಒಂದೇ ಕೈಗೆ ಬರುತ್ತದೆ. ದಸರಾ ರಶ್ಶಿನಲ್ಲಿ ಒಂದು ಬಾಟಲಿ ಟೇಬಲ್ಲಿನಿಂದಲೇ ವಾಪಸ್ ಬಂತು. ನಾಲ್ಕು ಸಾವಿರ ಚಿಲ್ಲರೆ ಬೆಲೆ. ಅರ್ಧ ನನ್ನ ಸಂಬಳದಲ್ಲಿ ಹಿಡಿದರು. ಆ ತಿಂಗಳು ಮಗಳ ಸ್ಕೂಲ್ ವ್ಯಾನಿಗೆ ಕೈಸಾಲ ಮಾಡಬೇಕಾಯಿತು.

ವೇಟರ್ಸ್ ಫ್ರೆಂಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1882ರಲ್ಲಿ ಜರ್ಮನಿಯ ಕಾರ್ಲ್ ವೀಂಕೆ ಪೇಟೆಂಟ್ ಪಡೆದ ವಿನ್ಯಾಸ ಅದು. ಹೊಸ ಬಾಟಲಿಗೆ, ಅದರಲ್ಲೂ ಲಿವರಿಗೆ ಎರಡು ಮೆಟ್ಟಿಲು ಇರುವುದಾದರೆ, ಅದಕ್ಕಿಂತ ಒಳ್ಳೆಯದು ನನ್ನ ಕೈಗೆ ಸಿಕ್ಕಿಲ್ಲ. ಎರಡೂ ಬದಿಗೆ ರೆಕ್ಕೆಯಂಥ ಹಿಡಿ ಇರುವ ಓಪನರ್ ಮಾತ್ರ ಹಳೇ ಬಿರಡೆಗೆ ಬೇಡವೇ ಬೇಡ. ನಮ್ಮಲ್ಲಿದ್ದದ್ದರ ಸುರುಳಿಯ ನಡುವೆ ಗಟ್ಟಿ ಕಡ್ಡಿ ಇತ್ತು. ಅದು ಬಿರಡೆಯನ್ನು ಕೊರೆದು ಹಾಕುತ್ತದೆ ಅಷ್ಟೆ.

ಆಮೇಲೆ ಆಸೋ ತರಿಸಿದೆ. ಬಿರಡೆಗೂ ಗಾಜಿಗೂ ನಡುವೆ ಇಳಿಸುವ ಎರಡು ತೆಳು ಪಟ್ಟಿಗಳ ಓಪನರ್ ಅದು, ಏಳುನೂರು ರೂಪಾಯಿ ಹತ್ತಿರ ಬಿತ್ತು. ಮೂರು ಬಾಟಲಿ ಚೆನ್ನಾಗಿ ಬಂದವು. ನಾಲ್ಕನೆಯದರಲ್ಲಿ ಪಟ್ಟಿ ಒತ್ತಿದ್ದಕ್ಕೆ ಬಿರಡೆಯೇ ಒಳಗೆ ಬಿತ್ತು. "ಬಿಡಪ್ಪಾ, ಇವೆಲ್ಲ ಆಗೋ ಮಾತಲ್ಲ. ಒಳಗೆ ತಳ್ಳಿ ಸೋಸಿ ಕೊಡು" ಅಂದರು ನಮ್ಮ ಕ್ಯಾಪ್ಟನ್. ಗಿರಾಕಿಯ ಮುಂದೆ ಟೀ ಸೋಸುವ ಜಾಲರಿ ಹಿಡಿಯಲು ನನಗೆ ಮನಸ್ಸು ಬರಲಿಲ್ಲ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬಾಟಲಿಯ ತಳವನ್ನು ಶೂ ಒಳಗಿಟ್ಟು ಗೋಡೆಗೆ ಬಡಿದೆ. ಬಿರಡೆ ಬಂತು, ಆದರೆ ತಳದ ಗಸಿಯೆಲ್ಲ ಕದಡಿ ಕುಡಿಯುವ ಹಾಗಿರಲಿಲ್ಲ. ಸೈಕಲ್ ಪಂಪಿನ ಸೂಜಿ ಚುಚ್ಚಿ ಗಾಳಿ ಹೊಡೆಯುವುದನ್ನು ಒಮ್ಮೆ ಶುರು ಮಾಡಿ ನಿಲ್ಲಿಸಿದೆ. ಗಾಜು ಸಿಡಿದರೆ ಕಣ್ಣು ಹೋಗುತ್ತದೆ, ಯಾರೂ ಮಾಡಬೇಡಿ. ಹಾರ್ಡ್‌ವೇರ್ ಅಂಗಡಿಯ ಮರದ ಸ್ಕ್ರೂ ಮತ್ತು ಇಕ್ಕಳ ಹೊಸ ಬಿರಡೆಗೆ ನಡೆಯುತ್ತದೆ, ಹಳೇದಕ್ಕೆ ಇಲ್ಲ.

ಆಗ ಹೊಳೆದದ್ದು, ಸುರುಳಿ, ಆಸೋ ಎರಡನ್ನೂ ಒಟ್ಟಿಗೆ ಹಾಕಿದರೆ ಹೇಗೆ ಅಂತ. ಸುರುಳಿ ಇದ್ದರೆ ಬಿರಡೆ ಒಳಗೆ ಬೀಳುವುದಿಲ್ಲ. ಪಟ್ಟಿ ಇದ್ದರೆ ಮುರಿಯುವುದಿಲ್ಲ. ಇದೇ ಕೆಲಸಕ್ಕೆ ಡ್ಯುರಾಂಡ್ ಎಂಬ ಉಪಕರಣ ಅಮೆರಿಕದಲ್ಲಿ ಸಿಗುತ್ತದೆ, ಆದರೆ ಬೆಲೆ ನೂರು ಡಾಲರಿಗಿಂತ ಜಾಸ್ತಿ. ನಾನು ಹಳೇ ಓಪನರಿನಿಂದ ನಡುವೆ ಕಡ್ಡಿ ಇಲ್ಲದ ಸುರುಳಿ ಕತ್ತರಿಸಿಕೊಂಡೆ. ವೆಲ್ಡಿಂಗ್ ಅಂಗಡಿಯಲ್ಲಿ ಅದರ ತಲೆಗೆ ಅಡ್ಡ ಕಡ್ಡಿ ಹಾಕಿಸಿದೆ. ಎಂಬತ್ತು ರೂಪಾಯಿ. ಮೊದಲನೆಯದು ಉದ್ದವಾಗಿ ಆಸೋ ಹಿಡಿಗೆ ತಾಗುತ್ತಿತ್ತು. ಎರಡನೆಯದು ಸರಿ ಕೂತಿತು.

ಸುರುಳಿಯನ್ನು ನಟ್ಟ ನಡುವೆ, ಮೇಲಿನಿಂದ ಒತ್ತದೆ ಇಳಿಸಿ. ಅಡ್ಡ ಕಡ್ಡಿ ಬಾಟಲಿಯ ಬಾಯಿಗೆ ಕೂರುವ ತನಕ ತಿರುಗಿಸಿ. ಕಡ್ಡಿಯ ಆಚೆ ಈಚೆ ಪಟ್ಟಿಗಳು ಬರಬೇಕು. ಉದ್ದನೆಯ ಪಟ್ಟಿ ಮೊದಲು, ಆಮೇಲೆ ಗಿಡ್ಡದ್ದು. ತೊಟ್ಟಿಲು ತೂಗಿದ ಹಾಗೆ ಅತ್ತ ಇತ್ತ ಆಡಿಸುತ್ತಾ ಇಳಿಸಿ. ಕೊನೆಗೆ ಕಡ್ಡಿ, ಹಿಡಿ ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಬಲಕ್ಕೆ ತಿರುಗಿಸುತ್ತಾ ಎಳೆಯಿರಿ. ಎಡಕ್ಕೆ ತಿರುಗಿಸಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಅಲ್ವಾ? ಪಟ್ಟಿ ಇಳಿಸುವ ಮೊದಲು ಬಾಟಲಿಯ ಕುತ್ತಿಗೆಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದೊಂದು ನನ್ನ ಹತ್ತಿರವೇ ಇರಲಿ.

ಉಳಿದ ಇಪ್ಪತ್ತು ಚಿಲ್ಲರೆ ಬಾಟಲಿಗಳಲ್ಲಿ ಒಂದೇ ಮುರಿಯಿತು, ಅದೂ ನಾನು ಅವಸರ ಮಾಡಿದ್ದಕ್ಕೆ. ಐದಾರರಲ್ಲಿ ವೈನೇ ಹುಳಿಯಾಗಿತ್ತು. ಅದಕ್ಕೆ ಯಾವ ಓಪನರೂ ಏನೂ ಮಾಡಲಾಗದು. ಮಿಕ್ಕವು ಪೂರ್ತಿ ಬೆಲೆಗೆ ಹೋದವು. ಮೈಸೂರಿನಲ್ಲಿ ಇಷ್ಟು ಒಣಗಿದ ಬಿರಡೆಯನ್ನು ಇಡಿಯಾಗಿ ತೆಗೆದವರು ಇನ್ನೊಬ್ಬರು ಇದ್ದಾರೆಂದು ನನಗನ್ನಿಸುವುದಿಲ್ಲ. ಹೋದ ವಾರ ಕ್ಯಾಪ್ಟನ್ನೇ ಬಂದು ಅಂಥದ್ದೊಂದು ಮಾಡಿಸಿಕೊಡು ಅಂದರು. ವೆಲ್ಡಿಂಗ್ ಅಂಗಡಿಯವನು ಈಗ ನೂರೈವತ್ತು ಕೇಳುತ್ತಿದ್ದಾನೆ.