ಸ್ಕಿನ್ ಟೆಸ್ಟ್ ನೆಗೆಟಿವ್ ಬಂದ ಮೇಲೆ ಕಫ ನೋಡಿದ ಕಥೆ

ಅಸ್ತಮಾ ರೋಗಿಗಳನ್ನು ನೋಡಲು ಶುರುಮಾಡಿದಾಗ ನನ್ನ ತಲೆಯಲ್ಲಿ ಎರಡೇ ಡಬ್ಬಿಗಳಿದ್ದವು. ಅಲರ್ಜಿಯಿಂದ ಬಂದದ್ದು ಒಂದು, ಅಲರ್ಜಿ ಇಲ್ಲದೆ ಬಂದದ್ದು ಇನ್ನೊಂದು. 1947ರಲ್ಲಿ ಅಮೆರಿಕದ ವೈದ್ಯ ರ‍್ಯಾಕ್‌ಮನ್ ಬರೆದಿಟ್ಟ ವಿಂಗಡಣೆ ಅದು. ಡಬ್ಬಿ ಬೇರೆಯಾದರೆ ಒಳಗಿನ ಊತವೂ ಬೇರೆ ಅಂತ ನಾನೇ ಅಂದುಕೊಂಡಿದ್ದೆ.

ಅದನ್ನು ಕೆಡಿಸಿದ್ದು 47 ವರ್ಷದ ಒಬ್ಬ ಹೆಂಗಸು. ಬಟ್ಟೆ ಹೊಲಿಯುವವರು. ನಲವತ್ತು ದಾಟಿದ ಮೇಲೆ ಉಬ್ಬಸ ಬಂದಿತ್ತು. ಮುಂಗೈ ಮೇಲೆ ಧೂಳಿನ ನುಸಿ, ಜಿರಳೆ, ಪಾರ್ಥೇನಿಯಂ, ಬೂಷ್ಟು ಎಲ್ಲದರ ಹನಿ ಹಾಕಿ ಚುಚ್ಚಿದೆ. 15 ನಿಮಿಷ ಕಾದರೂ ಉಬ್ಬಿದ್ದು ಹಿಸ್ಟಮಿನ್ ಹನಿ ಒಂದೇ, ಯಾರಿಗಾದರೂ ಉಬ್ಬಲೇಬೇಕಾದ ಹನಿ ಅದು. ಅಂದರೆ ಪರೀಕ್ಷೆ ಸರಿಯಾಗಿಯೇ ನಡೆದಿತ್ತು.

"ಅಲರ್ಜಿ ಇಲ್ಲ ಅಂದ್ಮೇಲೆ ಸ್ಟೀರಾಯ್ಡ್ ಪಂಪ್ ಯಾಕೆ ಡಾಕ್ಟ್ರೇ?" ಅಂದರು. ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಕಫವನ್ನೇ ನೋಡೋಣ ಅಂತ ಹೊರಟೆ.

ಹೇಳಿದಷ್ಟು ಸುಲಭ ಅಲ್ಲ ಅದು. ಮೊದಲು ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಕೊಟ್ಟು, ಉಸಿರಿನ ಬಲ ಅಳೆಯಲು ಊದಿಸಿ ನೋಡಬೇಕು. ಆಮೇಲೆ 3, 4, 5 ಶೇಕಡಾ ಉಪ್ಪುನೀರಿನ ಹಬೆಯನ್ನು ಒಂದಾದ ಮೇಲೊಂದು ಎಳೆಸಬೇಕು. ಪ್ರತಿ ಸುತ್ತಿಗೂ ಮತ್ತೆ ಊದಿಸಬೇಕು. ಉಸಿರಿನ ಬಲ 20 ಶೇಕಡಾ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ನನ್ನ ಮೊದಲ ಕೆಲವು ಮಾದರಿಗಳಲ್ಲಿ ಬರೀ ಎಂಜಲೇ ಇತ್ತು. ಬಾಯಿ ಮುಕ್ಕಳಿಸಿ, ಮೂಗು ಸೀನಿ ಬನ್ನಿ ಅಂತ ಹೇಳೋದನ್ನೇ ಮರೆತಿದ್ದೆ! ಇನ್ನೊಂದು ಸಲ ಮಾದರಿ ಮೇಜಿನ ಮೇಲೇ ಉಳಿದುಹೋಯಿತು. ಎರಡು ಗಂಟೆಯೊಳಗೆ ಕೈಗೆತ್ತಿಕೊಳ್ಳದಿದ್ದರೆ ಜೀವಕೋಶಗಳು ಹಾಳಾಗುತ್ತವೆ.

ಕೊನೆಗೆ ಗಟ್ಟಿ ಕಫದ ಚೂರುಗಳನ್ನು ಚಿಮಟದಲ್ಲಿ ಆರಿಸಿ, ಕರಗಿಸಿ, ಸೋಸಿ, ಬಣ್ಣ ಹಾಕಿ, 400 ಕೋಶ ಎಣಿಸಿದೆವು. ಅಲರ್ಜಿಯ ಊತದಲ್ಲಿ ಸೇರುವ ಬಿಳಿ ರಕ್ತಕಣ ಇಯೋಸಿನೋಫಿಲ್ 18 ಶೇಕಡಾ. 3 ದಾಟಿದರೇ ಜಾಸ್ತಿ. ಒಂದೊಂದು ಕೋಶದಲ್ಲೂ ಕೇಸರಿಬಾತಿನ ರವೆ ತುಂಬಿದ ಹಾಗೆ ಕಾಳು ಕಾಳು. ಪಕ್ಕದಲ್ಲಿ ನುಸಿ ಅಲರ್ಜಿ ಇರುವ ಒಬ್ಬ ಹುಡುಗನ ಸ್ಲೈಡ್ ಇಟ್ಟೆ. ಹೆಸರಿನ ಚೀಟಿ ಮುಚ್ಚಿದರೆ ಯಾವುದು ಯಾರದ್ದು ಅಂತ ನಾನೇ ಹೇಳಲಾರೆ.

ಹುಡುಗನಲ್ಲಿ ನುಸಿಯನ್ನು ಗುರುತಿಟ್ಟುಕೊಂಡ ಟಿ ಕೋಶಗಳು (ರೋಗನಿರೋಧಕ ಕೋಶಗಳು) ಐಎಲ್-5 ಅನ್ನೋ ಸಂದೇಶದ ಪ್ರೋಟೀನ್ ಕಳಿಸಿ ಇಯೋಸಿನೋಫಿಲ್‌ಗಳನ್ನು ಕರೆಯುತ್ತವೆ. ಜೊತೆಗೆ ಅಲರ್ಜಿಯ ಪ್ರತಿಕಾಯ ಐಜಿಇ ಕೂಡ ಇರುತ್ತದೆ. ಅಲರ್ಜಿ ಇಲ್ಲದವರಲ್ಲಿ ವೈರಸ್ಸೋ ಹೊಗೆಯೋ ಶ್ವಾಸನಾಳದ ಒಳಪದರವನ್ನು ಕೆಣಕಿದರೆ, ಆ ಪದರವೇ ಕೂಗು ಹಾಕುತ್ತದೆ. ಅಲ್ಲೇ ಇರುವ ಐಎಲ್‌ಸಿ-2 ಅನ್ನೋ ಕೋಶಗಳು ಅದೇ ಐಎಲ್-5 ಕಳಿಸುತ್ತವೆ. ಕರೆದವರು ಬೇರೆ, ಬಂದ ನೆಂಟರು ಅವರೇ. ಸ್ಕಿನ್ ಟೆಸ್ಟ್ ಹೇಳೋದು ಕರೆದವರ ವಿಷಯ ಮಾತ್ರ. ಸ್ಟೀರಾಯ್ಡ್‌ಗೆ ಬಗ್ಗೋದು ಈ ನೆಂಟರು.

ಎಲ್ಲರ ಕಥೆಯೂ ಹೀಗೇ ಅಲ್ಲ. ವರ್ಷಗಟ್ಟಲೆ ಸೌದೆ ಒಲೆ ಊದಿದ ಒಬ್ಬ ಅಜ್ಜಿಯ ಕಫದ ತುಂಬ ನ್ಯೂಟ್ರೋಫಿಲ್ ಅನ್ನೋ ಬೇರೆ ಬಗೆಯ ಬಿಳಿ ರಕ್ತಕಣ ಇತ್ತು. ಸ್ಟೀರಾಯ್ಡ್‌ನಿಂದ ಅವರಿಗೆ ಹೆಚ್ಚೇನೂ ಆಗಲಿಲ್ಲ.

ಸ್ಲೈಡ್ ನೋಡಿದ ಮೇಲೆ ಹೊಲಿಗೆಯವರನ್ನು ಮತ್ತೆ ಕೂರಿಸಿ ಕೇಳಿದೆ. ವಾಸನೆ ಗೊತ್ತಾಗಲ್ಲ ಅಂದರು. ಮೈಕೈ ನೋವಿನ ಮಾತ್ರೆ ನುಂಗಿದ ದಿನವೇ ಒಮ್ಮೆ ಉಸಿರು ಕಟ್ಟಿತ್ತಂತೆ. ಮೂಗಿನಲ್ಲಿ ಪಾಲಿಪ್ ಅನ್ನೋ ಮೆತ್ತನೆ ಗಡ್ಡೆ ಇತ್ತು. ಇದನ್ನೆಲ್ಲ ಮೊದಲ ದಿನವೇ ಕೇಳಬೇಕಿತ್ತು, ಅಲ್ವಾ? ಆ ಜಾತಿಯ ಮಾತ್ರೆ ನಿಲ್ಲಿಸಿದೆ. ಪಂಪ್ ದಿನಾ ಎರಡು ಹೊತ್ತು, ಮೂಗಿಗೆ ಸ್ಪ್ರೇ.

ಮೂರು ತಿಂಗಳಿಗೆ ಎಣಿಕೆ 2ಕ್ಕೆ ಇಳಿದಿತ್ತು. ನಾನು ಆ ಸಂಖ್ಯೆ ಹೇಳುವ ಮೊದಲೇ ಅವರು, "ನಿನ್ನೆ ಒಗ್ಗರಣೆ ಸೀದದ್ದು ಗೊತ್ತಾಯ್ತು ಡಾಕ್ಟ್ರೇ" ಅಂದರು.