ಎಚ್-1ಬಿಯಿಂದ ಎಚ್-4, ಅಲ್ಲಿಂದ ಮತ್ತೆ ಎಚ್-1ಬಿ: ನನ್ನ ಅನುಭವ

2023ರ ಫೆಬ್ರುವರಿ 15ರ ಬೆಳಿಗ್ಗೆ ಆಫೀಸಿನ ಲ್ಯಾಪ್‌ಟಾಪ್ ನನ್ನ ಪಾಸ್‌ವರ್ಡನ್ನು ಒಪ್ಪಲಿಲ್ಲ. ಮೂರು ಸಲ ಒತ್ತಿ ನೋಡಿದ ಮೇಲೆ ಫೋನಿನಲ್ಲಿ ಸ್ವಂತ ಇ-ಮೇಲ್ ತೆರೆದೆ. ಕೆಲಸ ಹೋದ ವಿಷಯ ಅಲ್ಲಿ ಬಂದು ಕುಳಿತಿತ್ತು. ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ನಾಲ್ಕೂವರೆ ವರ್ಷ ದುಡಿದಿದ್ದೆ. ಆ ಇ-ಮೇಲ್ ಓದಿ ಮುಗಿಸಲು ಒಂದು ನಿಮಿಷವೂ ಬೇಕಾಗಲಿಲ್ಲ.

ಎದ್ದವಳೇ ಕ್ಯಾಲೆಂಡರ್ ಮುಂದೆ ನಿಂತು ಅರವತ್ತು ದಿನ ಎಣಿಸಿದೆ. ಎಚ್-1ಬಿಯವರ ಕೆಲಸ ಹೋದರೆ ದೇಶದಲ್ಲಿ ಇನ್ನೂ ಇರಲು ಹೆಚ್ಚೆಂದರೆ 60 ದಿನಗಳ ಗ್ರೇಸ್ ಅವಧಿ ಎಂಬುದು ಎಲ್ಲರಿಗೂ ಗೊತ್ತು. 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ಅದು. ದೇಶದೊಳಗೆ ಇರಲು ಕೊಟ್ಟ ಅನುಮತಿಯ ದಾಖಲೆ ಐ-94ರ ಅವಧಿ ಅದಕ್ಕಿಂತ ಮೊದಲೇ ಮುಗಿಯುವುದಾದರೆ ಅಷ್ಟೂ ಸಿಗುವುದಿಲ್ಲ ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ. ನನ್ನ ಎಣಿಕೆ ಏಪ್ರಿಲ್ ನಡುವಿಗೆ ಬಂದು ನಿಂತಿತು. ಹೊಟ್ಟೆಯಲ್ಲಿ ಕಲಸಿದಂತಾಯಿತು.

ಎಣಿಕೆಯೇ ತಪ್ಪಾಗಿತ್ತು. ಪತ್ರವನ್ನು ಓದಿದ ವಕೀಲೆ ಕೇಳಿದ ಮೊದಲ ಪ್ರಶ್ನೆ, "ನಿಮಗೆ ಯಾವ ದಿನದವರೆಗೆ ಸಂಬಳ ಕೊಡುತ್ತಾರೆ?" ನಮ್ಮ ಕಂಪನಿ ಎರಡು ತಿಂಗಳು ಕೆಲಸವಿಲ್ಲದಿದ್ದರೂ ಸಂಬಳದ ಪಟ್ಟಿಯಲ್ಲಿ ಇಟ್ಟುಕೊಂಡಿತ್ತು. ಪತ್ರದ ಎರಡನೆಯ ಪುಟದಲ್ಲಿ ಉದ್ಯೋಗ ಕೊನೆಗೊಳ್ಳುವ ದಿನ ಏಪ್ರಿಲ್ 14 ಎಂದಿತ್ತು. ಸಾಮಾನ್ಯವಾಗಿ ಸಂಬಳ ಸಲ್ಲುವ ಕೊನೆಯ ದಿನದ ಮರುದಿನದಿಂದ 60 ದಿನ ಶುರು. ಅಂದರೆ ಜೂನ್ 13. ಆಮೇಲೆ ಒಂದೇ ಗಂಟಿನಲ್ಲಿ ಕೊಡುವ ಪರಿಹಾರದ ಹಣ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದರಿಂದ ಒಂದು ದಿನವೂ ಹೆಚ್ಚಾಗುವುದಿಲ್ಲ.

ಆ ಎರಡು ತಿಂಗಳು ಹೆಚ್ಚಿಗೆ ಸಿಕ್ಕಿದ್ದೇ ನನಗೆ ಮುಳುವಾಯಿತು. ಕೆಲಸ ಸಿಕ್ಕರೆ ಸ್ಟೇಟಸ್, ಅಂದರೆ ದೇಶದಲ್ಲಿರುವ ಕಾನೂನು ಸ್ಥಿತಿ, ತಾನಾಗಿಯೇ ಸರಿಹೋಗುತ್ತದೆ ಎಂದು ಸ್ಟೇಟಸ್ ಬದಲಾವಣೆಯ ಅರ್ಜಿಯ ಮಾತನ್ನೇ ಪಕ್ಕಕ್ಕಿಟ್ಟು ಬರೀ ಸಂದರ್ಶನಗಳ ಹಿಂದೆ ಬಿದ್ದೆ. ತರ್ಕ ತಪ್ಪೇನಲ್ಲ. ಗ್ರೇಸ್ ಅವಧಿಯೊಳಗೆ ಹೊಸ ಕಂಪನಿ ಎಚ್-1ಬಿ ಅರ್ಜಿಯಾದ ಐ-129 ಸಲ್ಲಿಸಿಬಿಟ್ಟರೆ, ಮಂಜೂರಾತಿಗೆ ಕಾಯದೆ ಕೆಲಸಕ್ಕೆ ಸೇರಬಹುದು. ನಮ್ಮ ತಂಡದಲ್ಲೇ ಇದ್ದ ಹುಡುಗನೊಬ್ಬ ಹಾಗೆಯೇ ಪಾರಾದ. ನನಗೆ ಎರಡು ಕಡೆ ಕೊನೆಯ ಸುತ್ತಿನವರೆಗೂ ಹೋಗಿ, ಮೇ ತಿಂಗಳಲ್ಲಿ ಒಂದೇ ವಾರದ ಅಂತರದಲ್ಲಿ ಎರಡೂ ಕೈತಪ್ಪಿದವು. ಕೆಲಸ ಹುಡುಕುವುದು ಒಂದು ದಾರಿ, ಸ್ಟೇಟಸ್ ಉಳಿಸಿಕೊಳ್ಳುವುದು ಇನ್ನೊಂದು ದಾರಿ, ಎರಡನ್ನೂ ಮೊದಲ ವಾರದಿಂದಲೇ ಬೇರೆ ಬೇರೆಯಾಗಿ ನಡೆಸಬೇಕಿತ್ತು ಎಂದು ನನಗೆ ಹೊಳೆದದ್ದು ಆಗ.

ನನ್ನ ಗಂಡನೂ ಎಚ್-1ಬಿ ಮೇಲೆ ಇದ್ದುದರಿಂದ ಎಚ್-1ಬಿಯವರ ಸಂಗಾತಿಗೆ ಸಿಗುವ ಎಚ್-4ಕ್ಕೆ ಬದಲಾಗುವ ದಾರಿ ತೆರೆದಿತ್ತು. ಮದುವೆಯಾಗದವರು ಪ್ರವಾಸಿಗಳಿಗೆ ಕೊಡುವ ಬಿ-2 ಕೇಳುತ್ತಾರೆ. ಬಿ-2 ಮೇಲೆ ಕೆಲಸ ಹುಡುಕಬಹುದು, ಸಂದರ್ಶನಕ್ಕೂ ಹೋಗಬಹುದು ಎಂದು ಅದೇ ಮಾರ್ಚಿನಲ್ಲಿ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಸ್ಪಷ್ಟಪಡಿಸಿತ್ತು. ದುಡಿಯುವಂತೆ ಮಾತ್ರ ಇಲ್ಲ. ಎರಡಕ್ಕೂ ಅರ್ಜಿ ಐ-539. ಆಗ ಶುಲ್ಕ 370 ಡಾಲರ್. 2024ರ ಏಪ್ರಿಲ್‌ನಿಂದ ಕಾಗದದ ಅರ್ಜಿಗೆ 470, ಆನ್‌ಲೈನ್ ಅರ್ಜಿಗೆ 420 ಆಯಿತು. ಸಲ್ಲಿಸುವ ದಿನ ಇಲಾಖೆಯ ಜಾಲತಾಣ ನೋಡಿಯೇ ಶುಲ್ಕ ಕಟ್ಟಿ, ಮೊತ್ತ ತಪ್ಪಿದರೆ ಇಡೀ ಕಟ್ಟು ವಾಪಸ್ ಬರುತ್ತದೆ.

ಕಾಗದಗಳಲ್ಲಿ ಹೆಚ್ಚಿನವು ಸಲೀಸು. ನನ್ನ ಹಳೆಯ ಮಂಜೂರಾತಿ ಪತ್ರ ಐ-797, ಐ-94, ಕೊನೆಯ ಕೆಲವು ತಿಂಗಳ ಸಂಬಳದ ಚೀಟಿಗಳು, ಗಂಡನ ಐ-797, ಅವನ ಸಂಬಳದ ಚೀಟಿಗಳು. ಸಿಕ್ಕಿಬಿದ್ದದ್ದು ಮದುವೆಯ ಪ್ರಮಾಣಪತ್ರದಲ್ಲಿ. ಉಪ ನೋಂದಣಾಧಿಕಾರಿಗಳ ಕಚೇರಿ ಕೊಟ್ಟ ನಮ್ಮ ಪ್ರಮಾಣಪತ್ರ ಪೂರ್ತಿ ಕನ್ನಡದಲ್ಲಿತ್ತು, ಅದರಲ್ಲೂ ಅರ್ಧ ಕೈಬರಹ. ಇಂಗ್ಲಿಷ್ ಅನುವಾದ ಜೊತೆಗಿರಬೇಕು, ಅನುವಾದಿಸಿದವರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣವಾಗಿಯೂ ಸರಿಯಾಗಿಯೂ ಇದೆ ಎಂದು ಬರೆದು ಸಹಿ ಮಾಡಬೇಕು. ವೃತ್ತಿಪರ ಅನುವಾದಕರೇ ಆಗಬೇಕೆಂದಿಲ್ಲ. ಎರಡು ಬೀದಿ ಆಚೆಗಿದ್ದ ಗೆಳತಿ ರಾತ್ರಿ ಊಟ ಮುಗಿಸಿ ಬಂದು ನಮ್ಮ ಮೇಜಿನ ಮೇಲೆ ಕೂತಳು. "ಹೋಬಳಿಗೆ ಇಂಗ್ಲಿಷ್‌ನಲ್ಲಿ ಏನೇ ಅನ್ನುತ್ತಾರೆ?" ಎಂದಳು. ಅರ್ಧ ಗಂಟೆ ಚರ್ಚಿಸಿ ಹೋಬಳಿಯನ್ನು ಹೋಬಳಿಯಾಗಿಯೇ ಬಿಟ್ಟೆವು. ನಮ್ಮ ಅಪ್ಪನ ಹೆಸರಿನ ಮೇಲೆ ಮುದ್ರೆ ಬಿದ್ದು ಮಸಿ ಹರಡಿತ್ತು. ಅಲ್ಲಿ ನಾನು ಹೇಳಿದ್ದನ್ನು ಅವಳು ಬರೆಯಲಿಲ್ಲ. "ಕಾಣದಿದ್ದುದನ್ನು ಕಂಡೆ ಅಂತ ಸಹಿ ಹಾಕಲಾರೆ" ಎಂದು 'ಮುದ್ರೆಯಿಂದ ಅಸ್ಪಷ್ಟ' ಎಂದೇ ಬರೆದಳು. ವಕೀಲೆಗೆ ಆ ಸಾಲು ಬಹಳ ಹಿಡಿಸಿತು.

ಮೇ 30ಕ್ಕೆ ಅಂಚೆಗೆ ಹಾಕಿದೆ. ಲೆಕ್ಕಕ್ಕೆ ಬರುವುದು ನಾವು ಕಳಿಸಿದ ದಿನವಲ್ಲ, ಇಲಾಖೆಯ ಕೈಸೇರಿದ ದಿನ. ರಸೀದಿಯಲ್ಲಿ ಜೂನ್ 2 ಎಂದು ನೋಡಿದ ಮೇಲೆಯೇ ನಾನು ಸರಿಯಾಗಿ ನಿದ್ದೆ ಮಾಡಿದ್ದು. ಕೈಯಲ್ಲಿ ಉಳಿದಿದ್ದದ್ದು ಹನ್ನೊಂದು ದಿನ.

ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲೆ ಇನ್ನೂ ಅವಧಿ ಇದೆಯಲ್ಲ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಿದ್ದರು. ಆ ವೀಸಾ ಗಡಿಯ ಬಾಗಿಲು ತಟ್ಟಲು ಬೇಕಾದದ್ದು, ಅಷ್ಟೇ. ಒಳಗೆ ಬಂದ ಮೇಲೆ ಎಷ್ಟು ದಿನ, ಯಾವ ಸ್ಟೇಟಸ್‌ನಲ್ಲಿ ಇರಬಹುದು ಎಂಬುದನ್ನು ಹೇಳುವುದು ಐ-94. ಒಳಗಿದ್ದೇ ಸ್ಟೇಟಸ್ ಬದಲಾದರೆ ಆ ಹೊಸ ಐ-94 ಮಂಜೂರಾತಿ ಪತ್ರದ ತಳದಲ್ಲಿ ಸಣ್ಣ ಚೀಟಿಯಾಗಿ ಬರುತ್ತದೆ. ನನ್ನ ಅಮ್ಮನಿಗೆ ಇದನ್ನು ವಿವರಿಸಲು ನಾಲ್ಕು ಫೋನ್ ಕರೆ ಬೇಕಾದವು. ಐದನೆಯದರಲ್ಲಿ ಅವರು ಕೇಳಿದ್ದು, "ಹಾಗಾದರೆ ತಮ್ಮನ ಗೃಹಪ್ರವೇಶಕ್ಕೆ ಬರುತ್ತೀಯಾ ಇಲ್ಲವಾ?" ಅರ್ಜಿ ಬಾಕಿಯಿರುವಾಗ ದೇಶ ಬಿಟ್ಟರೆ ಸ್ಟೇಟಸ್ ಬದಲಾವಣೆಯ ಕೋರಿಕೆಯನ್ನು ಕೈಬಿಟ್ಟಂತೆ. ಹೋಗಲಿಲ್ಲ. ಹಾಲು ಉಕ್ಕಿದ್ದನ್ನು ಫೋನಿನಲ್ಲಿ ನೋಡಿದೆ.

ಎಚ್-4 ಅಕ್ಟೋಬರ್‌ನಲ್ಲಿ ಮಂಜೂರಾಯಿತು, ಗಂಡನ ಅವಧಿಯಷ್ಟೇ, 2024ರ ಸೆಪ್ಟೆಂಬರ್‌ವರೆಗೆ. ಅವನ ಕಂಪನಿ ಗ್ರೀನ್ ಕಾರ್ಡಿಗಾಗಿ ಹಾಕಿದ್ದ ಅರ್ಜಿ ಐ-140 ಮಂಜೂರಾಗಿದ್ದುದರಿಂದ ಜೊತೆಯಲ್ಲೇ ಕೆಲಸದ ಪರವಾನಗಿಯ ಅರ್ಜಿ ಐ-765 ಹಾಕಿದ್ದೆ. 2015ರಿಂದ ಅಂಥ ಎಚ್-4 ಸಂಗಾತಿಗಳಿಗೆ ಕೆಲಸದ ಪರವಾನಗಿ ಸಿಗುತ್ತದೆ. ಆ ಪರವಾನಗಿಯ ಇಎಡಿ ಕಾರ್ಡ್ ಬಂದದ್ದು ನವೆಂಬರ್‌ನಲ್ಲಿ, ಅದೇ ತಿಂಗಳು ಕೆಲಸವೂ ಸಿಕ್ಕಿತು. ಕಾರ್ಡ್ ತೋರಿಸಿ ಸೇರಿಕೊಂಡೆ.

ಅಲ್ಲಿಗೆ ನಿಲ್ಲಬಹುದಿತ್ತು. ಹೊಸ ಕಂಪನಿಯ ಎಚ್‌ಆರ್ ಕೂಡ, ಕಾರ್ಡ್ ಇರುವಾಗ ಮತ್ತೆ ಎಚ್-1ಬಿ ಯಾಕೆ ಎಂದೇ ಕೇಳಿದರು. ಕೇಳಿದ್ದರಲ್ಲಿ ಅರ್ಥವಿತ್ತು, ಖರ್ಚು ಅವರದು. ಆದರೆ ಗಂಡನ ಕೆಲಸ ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು. ಒಂದೇ ಹಗ್ಗಕ್ಕೆ ಇಬ್ಬರೂ ಜೋತುಬಿದ್ದಂತೆ. ಇನ್ನೊಂದು ಕಾರಣ, ಹಳೆಯ ಕಂಪನಿಯಲ್ಲಿ ಅರ್ಧಕ್ಕೆ ಬಂದಿದ್ದ, ಗ್ರೀನ್ ಕಾರ್ಡಿನ ಮೊದಲ ಹಂತವಾದ ನನ್ನ ಲೇಬರ್ ಸರ್ಟಿಫಿಕೇಷನ್ ಕೆಲಸದ ಜೊತೆಗೇ ಸತ್ತುಹೋಗಿತ್ತು. ಎಚ್-1ಬಿಗೆ ಆರು ವರ್ಷದ ಮಿತಿ. ಎಚ್-4ರಲ್ಲಿ ಕಳೆದ ತಿಂಗಳುಗಳು ಆ ಆರರಲ್ಲಿ ಎಣಿಕೆಯಾಗುವುದಿಲ್ಲ, ಊರಿಗೆ ಹೋಗಿದ್ದ ದಿನಗಳನ್ನೂ ಮರಳಿ ಕೇಳಿ ಪಡೆಯಬಹುದು. ಪಾಸ್‌ಪೋರ್ಟಿನ ಮುದ್ರೆಗಳನ್ನು ಹಿಡಿದು ಕೂಡಿದಾಗ ನನಗೆ 71 ದಿನ ಸಿಕ್ಕಿತು. ಎಲ್ಲ ಸೇರಿ ಸುಮಾರು ಒಂದೂವರೆ ವರ್ಷ ಉಳಿದಿತ್ತು. ಆರರಾಚೆ ವಿಸ್ತರಣೆ ಬೇಕೆಂದರೆ ಹೊಸ ಲೇಬರ್ ಸರ್ಟಿಫಿಕೇಷನ್ ಸಲ್ಲಿಸಿ 365 ದಿನ ಕಳೆದಿರಬೇಕು, ಇಲ್ಲವೇ ಐ-140 ಮಂಜೂರಾಗಿರಬೇಕು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಎಚ್‌ಆರ್ ಮುಂದಿಟ್ಟೆ. ಒಪ್ಪಿದರು.

ಹೊಸ ಎಚ್-1ಬಿಯವರನ್ನು ಆರಿಸುವ ಲಾಟರಿಯಲ್ಲಿ ಒಮ್ಮೆ ಎಣಿಕೆಯಾದವಳಾದ್ದರಿಂದ ಮತ್ತೆ ಲಾಟರಿ ಇರಲಿಲ್ಲ. ಆದರೆ ಎಚ್-4ರಿಂದ ಎಚ್-1ಬಿಗೆ ಬರುವವರಿಗೆ ಅರ್ಜಿ ಸಲ್ಲಿಸಿದ ಕೂಡಲೇ ಆ ಸ್ಟೇಟಸ್ ಸಿಗುವುದಿಲ್ಲ, ಮಂಜೂರಾತಿಗೆ ಕಾಯಬೇಕು. ಇಎಡಿ ಇಲ್ಲದೆ ಆಫರ್ ಒಪ್ಪಿಕೊಂಡು, ಸೇರುವ ದಿನ ಹೇಳಿಬಿಟ್ಟು ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ. ನನ್ನ ಅರ್ಜಿ 2024ರ ಜನವರಿಯಲ್ಲಿ, ಹೆಚ್ಚಿನ ಶುಲ್ಕಕ್ಕೆ ಬೇಗ ಉತ್ತರ ಸಿಗುವ ಪ್ರೀಮಿಯಂನಲ್ಲಿ ಹೋಯಿತು, ಹನ್ನೊಂದನೆಯ ದಿನ ಉತ್ತರ ಬಂತು. ಹೊಸ ಚೀಟಿಯನ್ನು ಪಾಸ್‌ಪೋರ್ಟಿನೊಳಗಿಟ್ಟೆ. ಇಎಡಿ ಕಾರ್ಡ್ ಗೆಳತಿಯ ಅನುವಾದದ ಜೊತೆ ಡ್ರಾಯರ್ ಸೇರಿತು. ಅದರ ಮೇಲೆ ಇನ್ನೂ ಎಂಟು ತಿಂಗಳ ಅವಧಿ ಉಳಿದಿತ್ತು.